ಗುರುವಾರದ ಗೆರೆ

ಸ್ಟ್ಯಾನ್ಮೋರ್, ಶುಕ್ರವಾರ

ಪ್ರೀತಿಯ ಅಕ್ಕ,

ನನ್ನ ಫೋನನ್ನು ಇವರು ದಿನಾ ತೆಗೆದು ನೋಡುತ್ತಾರೆ, ಅದಕ್ಕೇ ಕಾಗದ. ಓದಿದ ಮೇಲೆ ಫೋನ್ ಮಾಡಬೇಡ.

ಇವರ ಆಸ್ಪತ್ರೆಯ ಸಂಶೋಧನೆಗೆ ಇವರೇ ನನ್ನ ಹೆಸರು ಕೊಟ್ಟಿದ್ದು ನಿನಗೆ ಗೊತ್ತು. ನನ್ನ ತೋಳಿನ ಚರ್ಮದಡಿ ಅಕ್ಕಿಕಾಳಿನಷ್ಟು ಜೆಲ್ ಕೂರಿಸಿದ್ದಾರೆ. ಮೈಯೊಳಗಿನ ದ್ರವದಲ್ಲಿ ಆತಂಕದ ಹಾರ್ಮೋನ್ ಎಷ್ಟಿದೆ ಎಂದು ಅದು ಹಗಲೂ ರಾತ್ರಿ ಅಳೆಯುತ್ತದೆ. ಹೋದ ವಾರ ನರ್ಸ್ ಗ್ರಾಫ್ ತೋರಿಸಿದಳು. ದಿನಾ ಸಂಜೆ ಇವರು ಬರುವ ಹೊತ್ತಿಗೆ ಗೆರೆ ಸರ್ರನೆ ಮೇಲೇರುತ್ತದೆ, ಗುರುವಾರ ಮಾತ್ರ ಇಲ್ಲ. "ಗುರುವಾರ ಏನು ವಿಶೇಷ?" ಎಂದು ಕೇಳಿದಳು. ಗುರುವಾರ ಇವರಿಗೆ ನೈಟ್ ಡ್ಯೂಟಿ. ನಾನು, ರಾಯರ ವಾರ, ಪೂಜೆ ಮಾಡುತ್ತೇನೆ ಎಂದುಬಿಟ್ಟೆ.

ಅವಳು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಇವರಿಗೂ ಹೇಳಿದ್ದಾಳೆ. ನಿನ್ನೆ ನೈಟ್ ಡ್ಯೂಟಿಗೆ ಹೊರಡುವ ಮುಂಚೆ ಊಟಕ್ಕೆ ಕೂತಾಗ ಇವರು ಮೆಲ್ಲಗೆ, "ನಮ್ಮನೇಲಿ ಯಾವಾಗಿಂದ ಗುರುವಾರ ಪೂಜೆ?" ಎಂದರು. ನಾನು ಸಾರು ಬಡಿಸಿದೆ. "ಡ್ಯೂಟಿ ಬದಲಾಯಿಸ್ಕೊಂಡಿದೀನಿ. ಮುಂದಿನ ಗುರುವಾರದಿಂದ ಒಟ್ಟಿಗೇ ಮಾಡೋಣ," ಎಂದು ನಕ್ಕರು.

ಇವರು ಒಂದು ದಿನವೂ ಕೈ ಎತ್ತಿಲ್ಲವಲ್ಲ ಎಂದು ನೀನು ಹೇಳುತ್ತೀಯ. ನಿಜ, ಎತ್ತಿಲ್ಲ. ನಾನೂ ಅದನ್ನೇ ಹೇಳಿಕೊಂಡು ಬಂದೆ.

ಬುಧವಾರ ಬೆಳಿಗ್ಗೆ ಇವರು ಹೊರಟ ಮೇಲೆ ಟ್ಯೂಬ್ ರೈಲು ಹತ್ತಿ ಟೂಟಿಂಗ್‌ಗೆ, ನಿನ್ನ ಮನೆಗೆ ಬರುತ್ತೇನೆ. ರಜೆ ಹಾಕಿ ಮನೆಯಲ್ಲೇ ಇರು, ಬೆಲ್ ಒತ್ತಿದ ಕೂಡಲೇ ಬಾಗಿಲು ತೆಗೆ. ತೋಳಿನಲ್ಲಿರುವುದನ್ನು ಈಗಲೇ ತೆಗೆಸು ಎನ್ನಬೇಡ. ಇಷ್ಟು ವರ್ಷದಲ್ಲಿ ನನ್ನ ಪರವಾಗಿ ಮಾತಾಡಿದ್ದು ಅದೊಂದೇ.

ನಿನ್ನ ತಂಗಿ,
ಮೈತ್ರೇಯಿ