ಮೂರನೇ ಹಂತದ ಆಸಿಡಿಟಿ

ಮಾರ್ಚ್ 3, ಬೆಳಿಗ್ಗೆ

ಡಬ್ಬಿಗಳಿಗೆ ನೀರು ಹಾಕಿದ್ದಾಯಿತು. ಕಿಟಕಿಯಲ್ಲಿ ಐದು — ನಾಲ್ಕರಲ್ಲಿ ಹಳೇ ಗಣಿಯ ತ್ಯಾಜ್ಯ ಸುರಿದ ದಿಬ್ಬದ ನಾಲ್ಕು ಹಂತಗಳ ಮಣ್ಣು, ಒಂದರಲ್ಲಿ ಹಿತ್ತಲ ಮಣ್ಣು, ಹೋಲಿಸಿ ನೋಡುವುದಕ್ಕೆ. ಎಲ್ಲಕ್ಕೂ ಅಲಸಂದೆ ಬೀಜ. ಮಣ್ಣಿನ ಹುಳಿ ಅಳೆಯುವ ಲ್ಯಾಬಿನ ಮೀಟರ್ ಏನೇ ಹೇಳಲಿ, ಬೀಜ ಒಪ್ಪಬೇಕು. ಆಫೀಸಿನ ಕಿಟಕಿಗೆ ಬಿಸಿಲಿಲ್ಲ, ಮನೆಗೇ ಹೊತ್ತು ತಂದಿದ್ದೇನೆ.

ಮೂರನೆಯದು ಮತ್ತೆ ಮೊಳಕೆಯಲ್ಲೇ ಕಪ್ಪಾಗಿದೆ. ಅಪ್ಪ ಮೂಗು ತಾಗುವಷ್ಟು ಬಗ್ಗಿ ನೋಡಿದ. ಆ ಹಂತ ಸುರಿದದ್ದೇ ಅವನು. ಗಣಿಯ ಡಂಪರ್ ಓಡಿಸಿಯೇ ನನ್ನನ್ನು ಓದಿಸಿದ್ದು. ಅಲ್ಲಿ ಮೊದಲು ಹುಲ್ಲುಗಾವಲಿತ್ತಂತೆ. ಅಮ್ಮ ಬುತ್ತಿ ತಂದರೆ ಇಬ್ಬರೂ ಅಲ್ಲೇ ಕೂತು ಉಣ್ಣುತ್ತಿದ್ದರಂತೆ.

ಇದಕ್ಕೇನು ರೋಗ ಅಂತ ಕೇಳಿದ. ಆಸಿಡಿಟಿ ಅಪ್ಪ, ವಿಪರೀತ, ಅಂದೆ. ‘ಪಾಪ’ ಅಂದ. ಬಸ್ಸಿನ ಗಡಿಬಿಡಿ. ಅಷ್ಟಕ್ಕೇ ಬಿಟ್ಟೆ.

ಮಾರ್ಚ್ 5

ಅಪ್ಪನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಡ್ರಾಪ್ಸ್ ಎಷ್ಟು ದಿನ ಹಿಡಿದಿಡುತ್ತೋ...

ಬಸ್ಸಿನಲ್ಲಿ ಅಪ್ಪ ಹೇಳಿದ, "ಮೂರನೇ ಹಂತ ಹಸಿರಾಗೋದನ್ನ ಒಂದ್ಸಲ ನೋಡ್ಬಿಟ್ರೆ ಸಾಕು ಕಣೇ. ಆ ಹುಲ್ಲುಗಾವಲನ್ನ ನಾನೇ ಮುಚ್ಚಿದ್ದಲ್ವಾ."

ಕಿಟಕಿ ಕಡೆ ತಿರುಗಿ ಕೂತೆ.

ಮಾರ್ಚ್ 9

ಆಫೀಸಿನ ಸಾಹೇಬರ ಅವಸರ. ಮೂರನೇ ಹಂತದಲ್ಲಿ ಮರಗಿಡ ಏಳುತ್ತದೋ ಇಲ್ಲವೋ, ತಿಂಗಳ ಕೊನೆಗೆ ಹೇಳಬೇಕು. ಏಳದಿದ್ದರೆ ಕಲ್ಲು ಹಾಸಿ ಮುಚ್ಚುತ್ತಾರಂತೆ. ಅಪ್ಪನಿಗೆ ಹೇಳಿಲ್ಲ. ಮತ್ತೆ ಬೀಜ ಹಾಕಿದೆ, ಕೊನೇ ಸಲ.

ಅಪ್ಪನ ಹಳೇ ಆಸಿಡಿಟಿ, ಎದೆಯುರಿ ಜಾಸ್ತಿಯಾಗಿದೆ. ಮಾತ್ರೆ ತಗೊಂಡೆಯಾ ಅಂದರೆ ಹೂಂ ಅನ್ನುತ್ತಾನೆ. ಮೊನ್ನೆ ತಂದ ಮಾತ್ರೆ ಆಗಲೇ ಖಾಲಿ!

ಮಾರ್ಚ್ 17

ಮೂರನೆಯದು ಮೊಳೆತಿದೆ! ಎರಡು ಎಲೆ! ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ, ಈ ವಯಸ್ಸಿಗೆ. ಅಪ್ಪ ಎಲೆ ಮುಟ್ಟಿ ನೋಡಿ ಸುಮ್ಮನೆ ನಕ್ಕ. ಇನ್ನೊಂದು ಕೈಯಲ್ಲಿ ಎದೆ ನೀವಿಕೊಳ್ಳುತ್ತಿದ್ದ.

ಮಾರ್ಚ್ 18

ದಿಬ್ಬದ ಹೊಸ ಸ್ಯಾಂಪಲ್ ಮೀಟರಿಗೆ ಹಿಡಿದೆ — ಅದೇ ಹುಳಿ. ಮನೆಯ ಡಬ್ಬಿಯಿಂದ ಒಯ್ದ ಚಿಟಿಕೆ ಮಣ್ಣಿಗೆ ಮಾತ್ರ ಹುಳಿಯೇ ಇಲ್ಲ. ಇದೆಂಥಾ ಮಾಯ? ಮನೆಗೆ ಬಂದವಳೇ ಕೆದಕಿದೆ. ಗುಲಾಬಿ ಬಣ್ಣದ ಪುಡಿ. ಪುದೀನ ವಾಸನೆ. ಅಪ್ಪನ ಮಾತ್ರೆ.

ಕೂಗಾಡಿದೆ. ಟೆಸ್ಟ್ ಕೆಡಿಸಿಬಿಟ್ಟೆ ನೀನು, ಕೆಲಸವೆಲ್ಲ ಮಣ್ಣುಪಾಲು, ಯಾರು ಹೇಳಿದ್ದು ನಿನಗೆ ಅಂತೆಲ್ಲ. ಅಪ್ಪ ತಲೆ ತಗ್ಗಿಸಿದ.

"ನೀನೇ ಹೇಳಿದ್ಯಲ್ಲೇ, ಅದಕ್ಕೂ ಆಸಿಡಿಟಿ ಅಂತ. ನಂಗಿಂತ ಅದಕ್ಕೇ ಜಾಸ್ತಿ ಇತ್ತು."

ತನ್ನ ಮಾತ್ರೆಯನ್ನೆಲ್ಲ ಪುಡಿ ಮಾಡಿ ಅದಕ್ಕೆ ಹಾಕಿ, ತಾನು ಉರಿ ನುಂಗಿಕೊಂಡು ಕೂತಿದ್ದ, ಪುಣ್ಯಾತ್ಮ. ನಗು ಬಂತು. ಹಿಂದೆಯೇ ಅಳು. ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. ಮೊದಲು ಹೋಗಿ ಮಾತ್ರೆ ತಂದು, ಎದುರೇ ನಿಂತು ನುಂಗಿಸಿದೆ.

ಆಮೇಲೆ ಡಬ್ಬಿ ಬೋರಲು ಹಾಕಿ ಬೇರು ನೋಡಿದೆ. ಪುಡಿ ಇಳಿದಷ್ಟು ಆಳ ಇಳಿದು, ಅಲ್ಲಿಂದ ಅಡ್ಡ ತಿರುಗಿದೆ. ಎರಡು ಬೆರಳಷ್ಟು ಆಳ. ಮರಕ್ಕೆ ಏನೇನೂ ಸಾಲದು. ಆದರೆ ಹುಲ್ಲಿಗೆ? ಎಲ್ಲರೂ ಮರ ಮರ ಅಂತ ಜಪ ಮಾಡುತ್ತಿದ್ದೆವು, ನಾನೂ ಸೇರಿ. ಹುಲ್ಲಿನ ಸುದ್ದಿ ಯಾರೂ ಎತ್ತಿರಲಿಲ್ಲ.

ಮಾರ್ಚ್ 30

ಮೂರನೇ ಹಂತದ್ದೇ ಮಣ್ಣು, ಅಳತೆ ಮಾಡಿ ಸುಣ್ಣದಕಲ್ಲಿನ ಪುಡಿ ಬೆರೆಸಿ ಹುಲ್ಲಿನ ಬೀಜ ಹಾಕಿದ್ದೆ. ಮಗುವಿನ ತಲೆಗೂದಲ ಹಾಗೆ ಎದ್ದಿದೆ. ಈ ಸಲ ಡಬ್ಬಿ ಅಪ್ಪನ ಕೈಗೆ ಸಿಗದ ಹಾಗೆ ಇಟ್ಟಿದ್ದೆ!

ಸಾಹೇಬರಿಗೆ ಹೇಳಿದೆ, ಮರ ಬೇಡ, ಮೇಲ್ಮಣ್ಣಿಗೆ ಸುಣ್ಣ, ಗೊಬ್ಬರ, ಹುಲ್ಲು. ಒಳಗಿನ ಹುಳಿ ಮೇಲೇರುತ್ತಲೇ ಇರುತ್ತದೆ, ಆಗಾಗ ಮತ್ತೆ ಸುಣ್ಣ ಕೊಡಬೇಕು ಅಂತಲೂ ಹೇಳಿದೆ. ಮುಚ್ಚಿಡಲಿಲ್ಲ. ಗೊಣಗಿದರು. ಒಪ್ಪಿದರು.

ಮರವಾಗಿದ್ದರೆ ವರ್ಷಗಟ್ಟಲೆ ಕಾಯಬೇಕಿತ್ತು. ಹುಲ್ಲಿಗೆ ಒಂದು ಮಳೆಗಾಲ ಸಾಕು. ಅಪ್ಪನ ಕಣ್ಣು ಅಷ್ಟು ತಡೆದರೆ...

ಜುಲೈ 2

ಬಿತ್ತನೆ ಮುಗಿದಿದೆ. ಮಳೆ ಹದವಾಗಿದೆ. ಅಪ್ಪ ಈಗ ಲೋಟವನ್ನೂ ತಡಕಿ ಹಿಡಿಯುತ್ತಾನೆ. ಬೇಗ ಬಾ ಹುಲ್ಲೇ, ನಿನ್ನ ದಮ್ಮಯ್ಯ.

ಜುಲೈ 19, ಸಂಜೆ

ಕರೆದುಕೊಂಡು ಹೋಗಿದ್ದೆ. ಅಲ್ಲಲ್ಲಿ ಬೋಳು, ಆದರೂ ಹಸಿರು. ಮೂರನೇ ಹಂತ, ಈ ತುದಿಯಿಂದ ಆ ತುದಿ.

"ಕಾಣ್ತಿದ್ಯಾ ಅಪ್ಪ?"

"ಕಾಣ್ತಿದೆ ಕಣೇ. ಎಷ್ಟ್ ಚೆನ್ನಾಗಿದೆ."

ಅವನ ಮುಖ ರಸ್ತೆಯ ಕಡೆಗಿತ್ತು.

ತೋಳು ಹಿಡಿದು ಮೆಲ್ಲಗೆ ಈ ಕಡೆ ತಿರುಗಿಸಿದೆ, ಕೂರಿಸಿದೆ, ಅಂಗೈ ಹಿಡಿದು ಹುಲ್ಲಿನ ಮೇಲಿಟ್ಟೆ. ತುಂಬ ಹೊತ್ತು ಸವರಿದ. ಬೇರಿನವರೆಗೂ ಬೆರಳಿಟ್ಟು ನೋಡಿದ. ಅಮ್ಮ ಕೂರುತ್ತಿದ್ದದ್ದು ಇಲ್ಲೇ ಎಲ್ಲೋ ಅಂದ. ಆಮೇಲೆ ಜೇಬಿನಿಂದ ಮಾತ್ರೆ ತೆಗೆದು ಎರಡು ಹೋಳು ಮಾಡಿದ. ಅರ್ಧ ಬಾಯಿಗೆ ಹಾಕಿಕೊಂಡ. ಇನ್ನರ್ಧ —