ಗಂಗಯ್ಯನ ಮಡಿಲಿನ ಬಿಂದಿಗೆ

ಗೊರೂರು
ತಾ. 3-7-1962

ಚಿ. ಸೌ. ನಂಜಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದ.

ಇಲ್ಲಿ ನಾನೂ ದನಕರುಗಳೂ ಕ್ಷೇಮ. ಶುಕ್ರವಾರ ಮೋಟಾರು ದೋಣಿ ತರುತ್ತೇನೆಂದು ಹೇಳಿಕಳಿಸಿ, ಏಳು ತಿಂಗಳ ಬಸುರಿಯಾದ ನಿನ್ನನ್ನು ಹೊಳೆಘಟ್ಟದಲ್ಲಿ ಕಾಯಿಸಿಬಿಟ್ಟೆ. ಕೋಪ ಮಾಡಿಕೊಳ್ಳಬೇಡ ಮಗಳೇ. ಮಾರನೆಯ ದಿನವೇ ಬರೆಯಬೇಕಿತ್ತು, ನಾಚಿಕೆಯಾಗಿ ಬರೆಯಲಿಲ್ಲ. ಹೊಳೆಯಾಚೆ ಕಾಣುವ ನಿಮ್ಮೂರಿಗೆ ಈ ಕಾಗದ ಬೇರೆ ಹಾಸನ ಸುತ್ತಿಕೊಂಡು ಬರಬೇಕು.

"ಬಸ್ಸಿನ ಕುಲುಕಾಟಕ್ಕೂ ಕಳಿಸಾಕಿಲ್ಲ, ಅರಿಗೋಲಿಗೂ ಕಳಿಸಾಕಿಲ್ಲ. ಬಾಣಂತನ ಇಲ್ಲೇ ಆಗ್ಲಿ" ಎಂದು ನಿಮ್ಮತ್ತೆ ಹಟ ಹಿಡಿದರು. ಚೊಚ್ಚಲ ಹೆರಿಗೆ ತವರಲ್ಲಿ ಆಗದಿದ್ದರೆ ನಾನು ತಲೆಯೆತ್ತಿ ತಿರುಗುವುದು ಹೇಗೆ? ನಡುಹೊಳೆಯಲ್ಲಿ ನೋವು ಬಂದರೆ ವೇಗ ಬೇಕು, ಅಲೆ ಬಡಿದರೆ ಕುಲುಕಬಾರದು. ಅಂಥ ದೋಣಿ ಹುಡುಕಿ ಹೊರಟೆ.

ಕಾಫಿ ತೋಟ ಮಾರಿ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬ ಬಿಟ್ಟುಹೋದ ಎರಡು ದೋಣಿ ಹಾಸನದ ಗ್ಯಾರೇಜಿನ ರಂಗಸ್ವಾಮಿಯ ಹತ್ತಿರ ಇದ್ದವು. ಎತ್ತಿನ ದಲ್ಲಾಳಿ ಗಂಗಯ್ಯನನ್ನು ಕರೆದೊಯ್ದೆ. ಅವನು ದೋಣಿಯ ಬೆನ್ನು ತಟ್ಟಿದ, ಮೂತಿ ಸವರಿದ. ಆಮೇಲೆ ಸಂತೆಯ ರೂಢಿಯಂತೆ ರಂಗಸ್ವಾಮಿಯ ಕೈಯನ್ನು ಟವೆಲ್ಲಿನೊಳಗೆ ಎಳೆದು, ಬೆರಳು ಹಿಡಿದು ವ್ಯಾಪಾರಕ್ಕಿಳಿದ. ಏನೂ ತಿಳಿಯದ ರಂಗಸ್ವಾಮಿ, "ಕಚಗುಳಿ ಇಡ್ಬೇಡ್ರೀ!" ಎಂದು ಕುಣಿದಾಡಿಬಿಟ್ಟ.

ಎರಡನ್ನೂ ಲಾರಿಯಲ್ಲಿ ತರಿಸಿ ನಮ್ಮ ಹೊಳೆಗಿಳಿಸಿ, ರಂಗಸ್ವಾಮಿಯಿಂದಲೇ ಓಡಿಸಿ ನೋಡಿದೆವು. ನೀರು ಕೆಂಪಾಗಿ ಏರುತ್ತಿತ್ತು. ನಿನ್ನ ಬದಲಿಗೆ ಗಂಗಯ್ಯ, ನೀರು ತುಂಬಿದ ಬಿಂದಿಗೆಯನ್ನು ಮಡಿಲಲ್ಲಿ ತಬ್ಬಿ ಕುಳಿತ. ಕೆಂಪು ದೋಣಿಯ ತಳ ಚಪ್ಪಟೆ. ಓಟವೇನೋ ಓಟ, ಆದರೆ ಒಂದೊಂದು ಅಲೆಗೂ ಎದ್ದು ಬಡಿಯುತ್ತಿತ್ತು. ಗಂಗಯ್ಯನ ಪೇಟ ಹೊಳೆಪಾಲಾಯಿತು, ಬಿಂದಿಗೆ ಖಾಲಿ. "ಇದ್ರಲ್ಲಿ ಕುಂತ್ರೆ ನಂಗೇ ಎರಿಗೆ ಆಯ್ತದೆ ಕಣಣ್ಣ!" ಎಂದ. ನೀಲಿಯದರ ತಳ ನೇಗಿಲಿನಂತೆ ಚೂಪು. ಓಟದಲ್ಲಿ ತುಸು ಹಿಂದೆ, ಆದರೆ ಅಲೆ ಸೀಳಿಕೊಂಡು ಹೋಯಿತು. ಬಿಂದಿಗೆಯಲ್ಲಿ ಮುಕ್ಕಾಲು ನೀರು ಉಳಿಯಿತು. ನೀಲಿಯದನ್ನೇ ಕೊಂಡೆ.

ಇನ್ನು ಶುಕ್ರವಾರದ ಕಥೆ. ದೋಣಿ ನಡೆಸುವವನು ನಮ್ಮ ಹರಿಗೋಲಿನ ದ್ಯಾವಯ್ಯ. ಹರಿಗೋಲನ್ನು ಹೊಳೆಯ ಮೇಲ್ಗಡೆಗೆ ಹೊತ್ತೊಯ್ದು ಇಳಿಸಿದರೆ ಸೆಳೆತಕ್ಕೆ ಜಾರುತ್ತ ನಿಮ್ಮ ಘಟ್ಟ ಸೇರುತ್ತದಲ್ಲ, ಅದೇ ರೂಢಿಯಲ್ಲಿ ಇದನ್ನೂ ಎತ್ತು ಕಟ್ಟಿ ಮೇಲ್ಗಡೆಗೆ ಎಳೆಸಿದ. ಬೇಡವೋ ಎಂದರೆ, "ವಳೆ ನಂಗೊತ್ತು, ಸುಮ್ಕಿರಣ್ಣ" ಎಂದ. ದೋಣಿ ಸೆಳೆತಕ್ಕೆ ಸೊಪ್ಪು ಹಾಕದೆ ನೆಟ್ಟಗೆ ಓಡಿ ನಡುಗಡ್ಡೆಯ ಮರಳು ಹತ್ತಿ ಕುಳಿತಿತು. ಸಂಜೆ ಅವನ ಹೆಂಡತಿ ಮಾಯಮ್ಮ ಹರಿಗೋಲು ತಂದು, "ಮೋಟ್ರು ಸಾಯೇಬ್ರು ಅತ್ಕೊಳ್ಳಿ" ಎಂದು ಹಂಗಿಸುತ್ತ ನಮ್ಮಿಬ್ಬರನ್ನೂ ದಡ ಸೇರಿಸಿದಳು.

ದೋಣಿಗೆ ಪೆಟ್ಟಾಗಿಲ್ಲ, ಎಳೆದು ತಂದಿದ್ದೇವೆ. ಬರುವ ಸೋಮವಾರ ಬೆಳಿಗ್ಗೆ ನಮ್ಮ ಘಟ್ಟದಿಂದ ನೆಟ್ಟಗೆ ನಿಮ್ಮ ಘಟ್ಟಕ್ಕೇ ಬರುತ್ತೇವೆ. ಬಾಣಂತನಕ್ಕೆ ನಿನ್ನ ಸೋದರತ್ತೆ ಸುಬ್ಬಮ್ಮ ನಾಳೆ ಬರುತ್ತಾಳೆ. ಕೋಣೆಗೆ ಸುಣ್ಣ ಬಳಿಸಿದ್ದೇನೆ. ನಿಮ್ಮತ್ತೆಗೆ ಬಿಂದಿಗೆಯ ವಿಷಯ ಹೇಳು, ಪೇಟದ ವಿಷಯ ಬೇಡ. ನೀನೂ ನಿನ್ನ ಕೂಸೂ ತಣ್ಣಗಿರಿ.

ನಿನ್ನ ಅಪ್ಪ,
ತಿಮ್ಮಪ್ಪ

ಕಾಗದ ಮಡಿಸಿದ ಮೇಲೆ: ಹೋದ ಮಳೆಗಾಲ ನಿಮ್ಮಮ್ಮನನ್ನು ಹೊಳೆದಂಡೆಯ ಹೊಲದಲ್ಲಿ ಮಣ್ಣು ಮಾಡಿದ ದಿನ ಹೊಳೆ ತುಂಬಿ ಹರಿಗೋಲು ಬಿಡಲಾಗಲಿಲ್ಲ. ನೀನು ಆಚೆ ದಡದಲ್ಲಿ ನಿಂತು ಏನೋ ಕೂಗಿದೆ. ನೀರಿನ ಸದ್ದಿಗೆ ಕೇಳಿಸಲಿಲ್ಲ, ನಾನು ಸುಮ್ಮನೆ ಕೈಯೆತ್ತಿದೆ. ಅದೇನೆಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಈಚೆಗೆ ಬಾ ಮಗಳೇ. ಅಮ್ಮನ ಹತ್ತಿರವೇ ನಿಂತು ಹೇಳುವೆಯಂತೆ.