ದೋಣಿಯ ಹುಡುಗನ ಹೆಸರು

ತಿರುವನಂತಪುರ, ೧೯೭೧

ಅಪ್ಪ,

ನೀವು ತೀರಿಹೋಗಿ ಎರಡು ವರ್ಷವಾದರೂ ನಿನ್ನೆ ನಡೆದದ್ದನ್ನು ನಿಮಗೇ ಮೊದಲು ಹೇಳಬೇಕೆನಿಸಿತು.

ತಿರುವಿತಾಂಕೂರು ರಾಜರ ಕಾಲದ ಒಂದು ಮೂಕಿ ಚಿತ್ರದ ತುಣುಕನ್ನು ಇಲ್ಲಿನ ಫಿಲಂ ಸೊಸೈಟಿಯಲ್ಲಿ ತೋರಿಸುತ್ತಾರೆಂದು ಆಫೀಸಿನಲ್ಲಿ ಕೇಳಿ, ಅಮ್ಮನನ್ನೂ ಕರೆದುಕೊಂಡು ಹೋದೆ. "ಹರೆಯದಲ್ಲಿ ಕಾಸರಗೋಡಿನಿಂದ ಓಡಿಬಂದು ಇಲ್ಲಿ ಸಿನಿಮಾದಲ್ಲಿ ಪಾತ್ರ ಮಾಡಿದ್ದೆ" ಎಂದು ನೀವು ಊಟದ ಹೊತ್ತಿಗೆ ಶುರುಮಾಡಿದರೆ, "ಸಾಕು ಮಾರಾಯ್ರೆ ನಿಮ್ಮ ಬುರುಡೆ" ಎಂದು ಅಮ್ಮ ಸಾರು ಬಡಿಸುತ್ತಿದ್ದಳು. ಮಕ್ಕಳು ನಾವು ನಗುತ್ತಿದ್ದೆವು. ಆಮೇಲಾಮೇಲೆ ನೀವು ಹೇಳುವುದನ್ನೇ ಬಿಟ್ಟಿರಿ.

"ನಮ್ಮ ನಾಡಿನ ಮೊದಮೊದಲ ಚಿತ್ರಗಳಲ್ಲಿ ನನಗೆ ಸಿಕ್ಕಿದ್ದು ಇಷ್ಟೇ. ಬಾಕಿ ರೀಲುಗಳನ್ನು ಅವುಗಳಲ್ಲಿದ್ದ ಚೂರುಪಾರು ಬೆಳ್ಳಿಗಾಗಿ ಕರಗಿಸಿಬಿಟ್ಟರು" ಎಂದರು, ಕೊಚ್ಚಿಯಿಂದ ರೀಲು ತಂದಿದ್ದ ದಾಮೋದರ ಮೇನೋನ್.

ಪರದೆಯ ಮೇಲೆ ಹಿನ್ನೀರು, ಒಂದು ದೋಣಿ. ಹುಟ್ಟು ಹಾಕುತ್ತಿದ್ದ ಹುಡುಗ ಆಯತಪ್ಪಿ ನೀರಿಗೆ ಬಿದ್ದ. ಮೇಲೆದ್ದು, ಕೂದಲು ಹಿಂದಕ್ಕೆ ಸರಿಸಿ, ನಮ್ಮ ಕಡೆ ನೋಡಿ ನಕ್ಕ. ನಿಮ್ಮದೇ ನಗು, ಅಪ್ಪ.

ದೀಪ ಹಾಕಿದ ಮೇಲೆ ಮೇನೋನ್, "ಈ ಹುಡುಗ ಯಾರೆಂದು ಯಾರಿಗೂ ಗೊತ್ತಿಲ್ಲ" ಎಂದರು.

ಅಮ್ಮ ಎದ್ದು ನಿಂತಳು. "ನನ್ನ ಗಂಡ" ಎಂದಳು, ತನ್ನ ಹರಕುಮುರುಕು ಮಲಯಾಳದಲ್ಲಿ.

ಮೇನೋನ್ ಹೆಸರು ಕೇಳಿದರು. ಗಂಡನ ಹೆಸರೆತ್ತಬಾರದೆಂದು ರೇಷನ್ ಅಂಗಡಿಯಲ್ಲೂ ನನ್ನಿಂದಲೇ ಹೇಳಿಸುತ್ತಿದ್ದವಳು, ಸೆರಗು ಸರಿಮಾಡಿಕೊಂಡು, ಇಡೀ ಸಭೆಗೆ ಕೇಳುವಂತೆ ಹೇಳಿದಳು:

"ಅಚ್ಯುತ. ಕುಂಬಳೆ ಅಚ್ಯುತ."

ನಿಮ್ಮ ಇಂದುಮತಿ